ವೃದ್ಧಾಶ್ರಮದಲ್ಲಿರುವ 86 ವರ್ಷದ ತಾಯಿಗೆ ತೂಕ ಕಟ್ಟಿ ವ್ಯಾಯಾಮ ಮಾಡಿಸಬಹುದೇ?

ಪ್ರಶ್ನೆ:
ನಮ್ಮ ತಾಯಿಯವರು ತೀರಾ ನಿತ್ರಾಣರಾಗಿದ್ದು, ಹಾಸಿಗೆಯಿಂದ ಏಳಬೇಕಾದರೂ ಆಯಾ ಬಂದು ರಟ್ಟೆ ಹಿಡಿಯಬೇಕಾಗಿದೆ. ಆಶ್ರಮಕ್ಕೆ ಬರುವ ಫಿಸಿಯೋಥೆರಪಿಸ್ಟ್, ಕಾಲಿಗೆ ತೂಕದ ಪಟ್ಟಿ ಕಟ್ಟಿ ವ್ಯಾಯಾಮ ಮಾಡಿಸೋಣ ಎನ್ನುತ್ತಾರೆ. ಪ್ರೋಟೀನ್ ಪುಡಿ ಕೊಟ್ಟು ವಿಶ್ರಾಂತಿಯಲ್ಲಿಟ್ಟರೆ ಸಾಕು ಎಂಬುದು ಅಣ್ಣನ ಅಭಿಪ್ರಾಯ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಫಿಸಿಯೋಥೆರಪಿಸ್ಟ್):
ವೈದ್ಯರು ಒಪ್ಪಿದರೆ ಖಂಡಿತ ಮಾಡಿಸಿ. ಎದೆನೋವು, ಹತೋಟಿಗೆ ಬಾರದ ರಕ್ತದೊತ್ತಡ, ಇತ್ತೀಚೆಗೆ ಮುರಿದ ಮೂಳೆ ಇದ್ದರೆ ಮಾತ್ರ ಮೊದಲು ಅದನ್ನು ನೋಡಬೇಕು. ಅಮೆರಿಕದ ಬಾಸ್ಟನ್ ನಗರದ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಅಣ್ಣನವರ ಮಾತಿಗೆ ನೇರ ಉತ್ತರದಂತಿದೆ. ಸರಾಸರಿ 87 ವಯಸ್ಸಿನ 100 ಮಂದಿ ದುರ್ಬಲ ವೃದ್ಧರಲ್ಲಿ, 10 ವಾರ ಭಾರದ ವ್ಯಾಯಾಮ ಮಾಡಿದವರ ಸ್ನಾಯುಬಲ ಸರಾಸರಿ ಶೇ. 113ರಷ್ಟು ಹೆಚ್ಚಿತು, ಮಾಡದವರದು ಶೇ. 3ರಷ್ಟು ಮಾತ್ರ; ವ್ಯಾಯಾಮವಿಲ್ಲದೆ ಬರಿಯ ಪೌಷ್ಟಿಕ ಪೇಯ ಕುಡಿದವರಲ್ಲಿ ದೌರ್ಬಲ್ಯ ಕಡಿಮೆಯಾಗಲಿಲ್ಲ. ಆಹಾರ ಬೇಡವೆಂದಲ್ಲ, ಆದರೆ ದುಡಿಸದ ಸ್ನಾಯು ಬರಿಯ ಪುಡಿಯಿಂದ ಬಲಗೊಳ್ಳುವುದಿಲ್ಲ. ಅಲ್ಲಿ ಅವರವರ ಗರಿಷ್ಠ ಸಾಮರ್ಥ್ಯದ ಶೇ. 80ರಷ್ಟು ಭಾರ ಬಳಸಿದ್ದರು ಎಂಬುದನ್ನೂ ಗಮನಿಸಿ. ನೀವು ಹಗುರವಾಗಿಯೇ ಆರಂಭಿಸಿ, ಆದರೆ ಸಲೀಸಾದ ಮೇಲೂ ಅದೇ ತೂಕದಲ್ಲಿ ನಿಲ್ಲಿಸಬೇಡಿ.

ಉತ್ತರ 2 (ವೃದ್ಧರ ಆರೈಕೆಯಲ್ಲಿರುವ ನರ್ಸ್):
ಕುರ್ಚಿಯಿಂದ ಏಳುವುದನ್ನೇ ವ್ಯಾಯಾಮವಾಗಿ ಮಾಡಿಸಿ, ಏಕೆಂದರೆ ಶೌಚಾಲಯಕ್ಕೆ ಸ್ವತಃ ಹೋಗಿಬರುವ ಮರ್ಯಾದೆ ಉಳಿಯುವುದು ಅದರಿಂದಲೇ. ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಮೊದಮೊದಲು ಆಸನದ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿ, ಶಕ್ತಿ ಬಂದಂತೆ ತೆಗೆಯಿರಿ. ಪಾದಗಳನ್ನು ಹಿಂದಕ್ಕೆಳೆದುಕೊಂಡು, ಮುಂದಕ್ಕೆ ಬಾಗಿ ಏಳಲಿ. ಕೂರುವಾಗ ಧೊಪ್ಪನೆ ಕುಸಿಯದೆ ನಿಧಾನವಾಗಿ ಇಳಿಯುವುದೂ ವ್ಯಾಯಾಮದ ಭಾಗವೇ. ಉಸಿರು ಬಿಗಿಹಿಡಿಯದಂತೆ ಗಟ್ಟಿಯಾಗಿ ಎಣಿಸಲು ಹೇಳಿ. ಹವಾಯಿ ಚಪ್ಪಲಿಯಲ್ಲಿ ಮಾತ್ರ ಮಾಡಿಸಬೇಡಿ.

ಉತ್ತರ 3:
ಆರಂಭಿಸಿದ ಮೇಲೆ ಬಿಡದಿರುವುದು ಅಷ್ಟೇ ಮುಖ್ಯ. ಉತ್ತರ 1ರಲ್ಲಿ ಹೇಳಿದ ಫಿಯಟರೋನ್ ಮತ್ತು ಸಂಗಡಿಗರ 1990ರ ಅಧ್ಯಯನದಲ್ಲಿ, 8 ವಾರ ಭಾರದ ವ್ಯಾಯಾಮ ಮಾಡಿದ ತೊಂಬತ್ತರ ಆಸುಪಾಸಿನವರ ಗರಿಷ್ಠ ಸ್ನಾಯುಬಲ, ತರಬೇತಿ ನಿಂತ 4 ವಾರಗಳಲ್ಲೇ ಸುಮಾರು ಶೇ. 32ರಷ್ಟು ಕುಗ್ಗಿತ್ತು. ಫಿಸಿಯೋಥೆರಪಿಸ್ಟ್ ರಜೆಯಲ್ಲಿದ್ದಾಗ ಯಾರು ಮಾಡಿಸುತ್ತಾರೆ ಎಂಬುದನ್ನು ಆಶ್ರಮದವರೊಂದಿಗೆ ಈಗಲೇ ಮಾತನಾಡಿ, ಆಯಾಗೂ ಕ್ರಮವನ್ನು ಕಲಿಸಿಕೊಡುವಂತೆ ಕೇಳಿಕೊಳ್ಳಿ.