ಸ್ಕೂಬಾ ‘ಹೆಲ್ಮೆಟ್’ಗೆ ‘ಶಿರಸ್ತ್ರಾಣ’ ಹೊಂದೀತೇ?

ಪ್ರಶ್ನೆ:

ಬಲ್ಲವರಲ್ಲಿ ಒಂದು ಕೇಳಿಕೆ. ನೀರು ತುಂಬಿದ ಗುಹೆಗಳಲ್ಲಿ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು) ಮುಳುಗುವವರಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಹೆಲ್ಮೆಟ್’ ಬಂದಲ್ಲೆಲ್ಲ ‘ಶಿರಸ್ತ್ರಾಣ’, ‘ಹುಡ್’ (ತಲೆ, ಕಿವಿ ಮುಚ್ಚುವ ಮೆತ್ತನೆಯ ಹೊದಿಕೆ) ಬಂದಲ್ಲಿ ‘ಟೋಪಿ’ ಎಂದು ಹಾಕಿದ್ದೇನೆ. ಎರಡು ವಾಕ್ಯಗಳ ಬಗ್ಗೆ ಅನುಮಾನವಿದೆ: ‘ಟೋಪಿಯ ಮೇಲೆ ಶಿರಸ್ತ್ರಾಣ ಧರಿಸಿ.’ ‘ಶಿರಸ್ತ್ರಾಣದೊಳಗೆ ಗಾಳಿ ನಿಲ್ಲದಂತೆ ಮೇಲ್ಭಾಗದಲ್ಲಿ ತೂತುಗಳಿರಲಿ.’ ಕರಡು ಓದಿದವರು ‘ಗಾಳಿ ನಿಲ್ಲದಿದ್ದರೆ ಉಸಿರಾಡುವುದು ಹೇಗೆ?’ ಎಂದು ಕೇಳಿದರು. ಕೆಟ್ಟಿರುವುದು ಪದವೋ, ವಾಕ್ಯವೋ? ಚಿನ್ ಸ್ಟ್ರ್ಯಾಪ್, ಬಾಯನ್ಸಿ ಇವಕ್ಕೂ ಬಳಕೆಯ ಮಾತಿದ್ದರೆ ತಿಳಿಸಿ.

ಉತ್ತರ 1:

ಗಾಳಿ ನಿಲ್ಲಬಾರದೆಂಬ ವಾಕ್ಯದ ಮಾತು ಸರಿಯಾಗಿದೆ, ತೂತಿನ ಜಾಗವನ್ನಷ್ಟೇ ತಿದ್ದಬೇಕು. ಓದುಗರಿಗೆ ತೊಡಕಾದದ್ದು ಪದದಿಂದ. ನೀರೊಳಗಿನ ‘ಶಿರಸ್ತ್ರಾಣ’ ಎಂದೊಡನೆ ಓದುಗರ ಕಣ್ಣಿಗೆ ಕಟ್ಟುವುದು ತಾಮ್ರ-ಹಿತ್ತಾಳೆಯ ದುಂಡನೆಯ ಗೂಡು, ಮುಂದೆ ಗಾಜಿನ ಕಿಂಡಿ. ಆಗಸ್ಟಸ್ ಸೀಬ 1837ರ ಹೊತ್ತಿಗೆ ರೂಪಿಸಿದ ಮುಚ್ಚಿದ ಉಡುಪಿನಿಂದ ಬಂದ ಪರಂಪರೆ ಅದು. ಮೇಲಿನಿಂದ ಪೈಪಿನಲ್ಲಿ ಬಂದ ಗಾಳಿ ಅದರೊಳಗೆ ತುಂಬಿರುತ್ತದೆ, ಒಳಗಿರುವವನು ಅದನ್ನೇ ಉಸಿರಾಡುತ್ತಾನೆ. ಸೇತುವೆ, ಹಡಗು, ತೈಲಬಾವಿಗಳ ಕೆಲಸಕ್ಕೆ ಇಳಿಯುವವರು ಇಂದಿಗೂ ಅದರ ಹೊಸ ರೂಪಗಳನ್ನು ತೊಡುತ್ತಾರೆ.

ನಿಮ್ಮ ಕೈಪಿಡಿಯ ಹೆಲ್ಮೆಟ್ ಅದಲ್ಲ. ಸ್ಕೂಬಾದವನು ಉಸಿರಾಡುವುದು ಸಿಲಿಂಡರಿನ ಗಾಳಿ ಒದಗಿಸುವ, ಬಾಯಲ್ಲಿ ಕಚ್ಚಿದ ರೆಗ್ಯುಲೇಟರ್‌ನಿಂದ, ಕಣ್ಣು ಮೂಗಿಗೆ ಮಾಸ್ಕ್ ಇದೆ. ತಲೆಯ ಮೇಲಿರುವುದು ಗುಹೆಯ ಚಾವಣಿಗೋ ಮುಳುಗಿದ ಹಡಗಿನ ತೊಲೆಗೋ ತಲೆ ಬಡಿಯದಿರಲೆಂದು ಹಾಕಿದ ಗಟ್ಟಿ ಚಿಪ್ಪು, ಜೊತೆಗೆ ಟಾರ್ಚ್ ಕಟ್ಟಲು ಒಂದು ಆಧಾರ. ಬೆಟ್ಟ ಹತ್ತುವವರ ಅಥವಾ ಕಯಾಕ್ ಎಂಬ ಕಿರುದೋಣಿ ನಡೆಸುವವರ ಹೆಲ್ಮೆಟ್ಟನ್ನೇ ಇದಕ್ಕೆ ಒಗ್ಗಿಸಿಕೊಳ್ಳುವುದು ರೂಢಿ. ಮೊದಲನೆಯದರಲ್ಲಿ ಗಾಳಿಯೇ ಜೀವ, ಎರಡನೆಯದರಲ್ಲಿ ಗಾಳಿ ಉಪದ್ರವ. ಆದ್ದರಿಂದ ನಿಮ್ಮ ಪುಸ್ತಕಕ್ಕೆ ‘ಹೆಲ್ಮೆಟ್’ ಎಂದೇ ಇರಲಿ. ಬೈಕ್ ಸವಾರರಿಂದ ಹಿಡಿದು ಎಲ್ಲರ ಬಾಯಲ್ಲೂ ಇರುವ ಮಾತದು, ಚಿಪ್ಪಿನ ಚಿತ್ರವನ್ನೂ ನೇರವಾಗಿ ಕೊಡುತ್ತದೆ. ‘ಶಿರಸ್ತ್ರಾಣ’ವನ್ನು ಮುಚ್ಚಿದ ಬಗೆಗೆ ಮೀಸಲಿಡಿ.

‘ಮೇಲ್ಭಾಗದಲ್ಲಿ ತೂತುಗಳು’ ಎಂಬುದನ್ನು ಖಂಡಿತ ತಿದ್ದಬೇಕು. ಹೊರಬಿಟ್ಟ ಉಸಿರಿನ ಗುಳ್ಳೆಗಳು ಕೆನ್ನೆಯ ಪಕ್ಕದಿಂದ ಏರಿ ಹೆಲ್ಮೆಟ್ಟಿನ ಅಂಚಿನೊಳಗೆ ನುಗ್ಗುತ್ತವೆ. ನೆಟ್ಟಗೆ ನಿಂತಾಗ ಗಾಳಿ ಸೇರುವುದು ನೆತ್ತಿಯಲ್ಲಿ. ಆದರೆ ಗುಹೆಯಲ್ಲಿ ಈಜುವುದು ಬೋರಲಾಗಿ, ತಲೆ ತುಸು ಹಿಂದಕ್ಕೆ ಬಾಗಿಸಿಕೊಂಡು. ಆಗ ಎಲ್ಲಕ್ಕಿಂತ ಮೇಲಿರುವುದು ಹೆಡತಲೆ. ನೆತ್ತಿಯಲ್ಲಿ ಮಾತ್ರ ತೂತಿದ್ದರೆ ಹಿಂದಿನ ಗಾಳಿ ಹೋಗುವುದಿಲ್ಲ. ಕಾಲು ಲೀಟರ್ ಗಾಳಿ ಸೇರಿದರೆ ಸುಮಾರು 250 ಗ್ರಾಂನಷ್ಟು ಮೇಲಕ್ಕೆಳೆಯುವ ಬಲ. ಹೆಲ್ಮೆಟ್ ಎದ್ದು ಪಟ್ಟಿ ಗಲ್ಲಕ್ಕೆ ಒತ್ತುತ್ತದೆ, ಕುತ್ತಿಗೆ ಸೋಲುತ್ತದೆ, ಟಾರ್ಚಿನ ಬೆಳಕು ಗುರಿ ತಪ್ಪುತ್ತದೆ. ‘ನೆತ್ತಿಯಲ್ಲೂ ಹೆಡತಲೆಯ ಕಡೆಯೂ ತೂತುಗಳಿರಲಿ’ ಎಂದು ಬರೆಯಿರಿ.

ತೂತಿಲ್ಲದ ಚಿಪ್ಪಿಗೆ 6ರಿಂದ 8 ಮಿ.ಮೀ. ತೂತು ಕೊರೆಯುವುದುಂಟು. ಅಂಚಿನಿಂದಲೂ ಪಟ್ಟಿಯ ರಿವೆಟ್‌ಗಳಿಂದಲೂ ದೂರ ಕೊರೆದು, ಬಾಯಿಯನ್ನು ಮರಳುಕಾಗದದಿಂದ ನಯ ಮಾಡಬೇಕು. ಒರಟು ಬಿಟ್ಟರೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಕೊರೆದ ಮೇಲೆ ತಯಾರಕರ ಪ್ರಮಾಣಪತ್ರವನ್ನು ನಂಬುವಂತಿಲ್ಲ. ಆದ್ದರಿಂದ ಮೊದಲೇ ತೂತುಗಳಿರುವ ಕಯಾಕ್ ಹೆಲ್ಮೆಟ್ ಮೇಲು. ಪಾಲಿಕಾರ್ಬೊನೇಟ್ ಚಿಪ್ಪಾದರೆ ಬಣ್ಣ, ತಿನ್ನರ್, ಕಟು ವಾಸನೆಯ ಅಂಟು ತಾಗಿಸಬಾರದು. ಕಣ್ಣಿಗೆ ಕಾಣದಂತೆ ಒಳಗೊಳಗೇ ಸೀಳುತ್ತದೆ. ಟಾರ್ಚಿನ ಹಿಡಿಕೆ ಕೂರಿಸುವಾಗ ಬೋಲ್ಟಿನ ತುದಿ ಒಳಗೆ ಚಾಚಿಕೊಂಡಿರಬಾರದು. ಏಟು ಬಿದ್ದರೆ ಅದೇ ತಲೆಗೆ ನಾಟುತ್ತದೆ. ಬೋಲ್ಟಿನ ಚಪ್ಪಟೆ ತಲೆ ಒಳಗೆ, ನಟ್ಟು ಹೊರಗೆ ಇರಲಿ.

ಒಳಮೆತ್ತೆಯ ಬಗ್ಗೆ ಕೈಪಿಡಿಯಲ್ಲಿ ಬರೀ ‘ಫೋಮ್’ ಎಂದಿದ್ದರೆ ಯಾವುದೆಂದು ಬಿಡಿಸಿ ಹೇಳಿ. ಬೈಕ್, ಸೈಕಲ್ ಹೆಲ್ಮೆಟ್ಟಿನ ಒಳಗಿರುವುದು ನಾವು ಥರ್ಮೋಕೋಲ್ ಎನ್ನುವ ಜಾತಿಯದು. ಅದು ದಪ್ಪವಾಗಿ ಬೆಂಡಿನಂತೆ ತೇಲುತ್ತದೆ, ಹೆಲ್ಮೆಟ್ಟನ್ನು ಮೇಲಕ್ಕೆ ಎಳೆಯುತ್ತದೆ. ಮುಚ್ಚಿದ ಗುಳ್ಳೆಗಳ ಮೆತ್ತನೆ ಫೋಮ್ ಆಳದಲ್ಲಿ ತೆಳುವಾಗುತ್ತದೆ: 30 ಮೀಟರಿನಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ದಡದಲ್ಲಿ ಬಿಗಿಯಾಗಿದ್ದದ್ದು ಕೆಳಗೆ ಅಲ್ಲಾಡುವುದು ಇದರಿಂದಲೇ. ಪಟ್ಟಿಗಳಿಂದ ತೂಗುಹಾಕಿದ ಒಳಕಟ್ಟು, ಹಿಂದೆ ತಿರುಗಿಸಿ ಬಿಗಿ ಮಾಡುವ ಗುಂಡಿ ಇರುವ ಹೆಲ್ಮೆಟ್ಟಿಗೆ ಈ ತೊಂದರೆ ಕಡಿಮೆ.

ಚಿನ್ ಸ್ಟ್ರ್ಯಾಪ್ ‘ಗಲ್ಲಪಟ್ಟಿ’. ಬಾಯನ್ಸಿಗೆ ಪಠ್ಯಪುಸ್ತಕದ ಪದ ಹುಡುಕುವುದಕ್ಕಿಂತ ‘ತೇಲುವಿಕೆ’ ಸಾಕು.

ಉತ್ತರ 2:

ಮೇಲಿನ ಉತ್ತರಕ್ಕೆ ಒಪ್ಪಿಗೆ. ಒಂದು ಸೇರ್ಪಡೆ, ಒಂದು ತಕರಾರು.

ಸೇರ್ಪಡೆ: ‘ಹುಡ್’ಗೆ ‘ಟೋಪಿ’ ಬೇಡ, ‘ಕುಲಾವಿ’ ಹಾಕಿ. ಎಳೆಮಕ್ಕಳಿಗೆ ಕಿವಿ ಮುಚ್ಚುವಂತೆ ತೊಡಿಸಿ ಗಲ್ಲದಡಿ ಕಟ್ಟುವ ಕುಲಾವಿ ಎಲ್ಲರಿಗೂ ಗೊತ್ತು. 5 ಅಥವಾ 7 ಮಿ.ಮೀ. ನಿಯೋಪ್ರೀನಿನ (ರಬ್ಬರ್ ಫೋಮಿನ) ಹುಡ್ ಮುಚ್ಚುವುದೂ ಹೆಚ್ಚುಕಡಿಮೆ ಅಷ್ಟೇ ಜಾಗವನ್ನು. ‘ಮೊದಲು ಕುಲಾವಿ, ಅದರ ಮೇಲೆ ಮಾಸ್ಕಿನ ಪಟ್ಟಿ, ಕೊನೆಗೆ ಹೆಲ್ಮೆಟ್’ ಎಂದರೆ ಕ್ರಮವೂ ತಿಳಿಯುತ್ತದೆ. ಈ ಕ್ರಮದಲ್ಲಿ ಮಾಸ್ಕ್ ಸುಲಭಕ್ಕೆ ಕಳಚದು, ಆದರೆ ಬದಲಿ ಮಾಸ್ಕ್ ಹಾಕಬೇಕಾದರೆ ಹೆಲ್ಮೆಟ್ ತೆಗೆಯಲೇಬೇಕು. ಅಳತೆ ನೋಡುವಾಗ ಕುಲಾವಿ ತೊಟ್ಟುಕೊಂಡೇ ನೋಡಬೇಕೆಂಬುದನ್ನೂ ಸೇರಿಸಿ. ಬರಿತಲೆಗೆ ಸರಿಹೋದದ್ದು ಅದರ ಮೇಲೆ ಕೂರುವುದಿಲ್ಲ.

ತಕರಾರು: ‘ಗಲ್ಲಪಟ್ಟಿ’ ಒಂದೇ ಪದವಾದರೂ ವಸ್ತು ಒಂದೇ ಅಲ್ಲ. ಕಾರ್ಖಾನೆಯ ಹೆಲ್ಮೆಟ್ಟಿನ (ಯುರೋಪಿನ ಮಾನದಂಡ ಇಎನ್ 397) ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ತಾನೇ ಬಿಟ್ಟುಕೊಳ್ಳಬೇಕೆಂದು ನಿಯಮ. ಬೆಟ್ಟ ಹತ್ತುವವರ (ಇಎನ್ 12492) ಪಟ್ಟಿ 500 ನ್ಯೂಟನ್ನಿಗೂ ತಡೆದುಕೊಳ್ಳಬೇಕು. ಮೂಲದಲ್ಲಿ ‘ರಿಲೀಸ್’ ಎಂದಿರುವಲ್ಲಿ ಪಟ್ಟಿ ತಾನಾಗಿ ಬಿಟ್ಟುಕೊಳ್ಳುವ ಮಾತೋ, ಮುಳುಗುಗಾರ ಬಕಲ್ ಬಿಚ್ಚುವ ಮಾತೋ ನೋಡಿಕೊಂಡು ‘ಬಿಟ್ಟುಕೊಳ್ಳು’ ಅಥವಾ ‘ಬಿಚ್ಚು’ ಎಂದು ಬೇರೆ ಮಾಡಿ. ಸಂದಿಯಲ್ಲಿ ಹೆಲ್ಮೆಟ್ ಸಿಕ್ಕಿಕೊಂಡಾಗ ಗವಸು ತೊಟ್ಟ ಒಂದೇ ಕೈಯಿಂದ ಬಿಚ್ಚಲು ಬರಬೇಕು, ಕುತ್ತಿಗೆಯಲ್ಲಿ ತೂಗುವ ಎರಡನೇ ರೆಗ್ಯುಲೇಟರಿನ ರಬ್ಬರ್ ದಾರ ಬಕಲ್ಲಿಗೆ ಅಡ್ಡ ಬರಬಾರದು. ಟಾರ್ಚುಗಳನ್ನೂ ಪಕ್ಕಕ್ಕೆ ಚಾಚದಂತೆ ಚಿಪ್ಪಿಗೆ ಒತ್ತಿ ಕಟ್ಟಬೇಕು. ಇಲ್ಲವಾದರೆ ಜೊತೆಗಾರನಿಗೆ ಉಸಿರು ಕೊಡಲು ಉದ್ದನೆಯ ಹೋಸನ್ನು ತಲೆಯ ಮೇಲಿಂದ ತೆಗೆಯುವಾಗ ಅದು ಟಾರ್ಚಿಗೆ ಸಿಕ್ಕಿಕೊಳ್ಳುತ್ತದೆ.