ಜೂಲಿ ಹೋದ ಮೇಲೆ: ಮನೆ ನಾಯಿ ತೀರಿಕೊಂಡಾಗ ನೀವೇನು ಮಾಡಿದಿರಿ?

ಪ್ರಶ್ನೆ, ಮೈಸೂರಿನ ಕುವೆಂಪುನಗರದಿಂದ

ನಮ್ಮ ಜೂಲಿ ಹೋದ ತಿಂಗಳು ತೀರಿಕೊಂಡಳು. ವಯಸ್ಸಾಗಿತ್ತು, ಕಿಡ್ನಿ ಕೆಟ್ಟಿತ್ತು. ಕೊನೆಕೊನೆಗೆ ನೀರು ಕುಡಿದರೂ ವಾಂತಿ. ಇನ್ನು ನರಳಿಸುವುದು ಬೇಡ ಅಂತ ಡಾಕ್ಟರು ಹೇಳಿದ ಮೇಲೆ ಇಂಜೆಕ್ಷನ್ ಕೊಡಿಸಿದೆವು. ಅವತ್ತಿನಿಂದ ನನಗೆ ಒಂದೇ ಯೋಚನೆ, ನಾವೇ ಕೊಂದೆವಾ ಅಂತ. ಅಪ್ಪ ಬೆಳಗಿನ ವಾಕಿಂಗ್ ನಿಲ್ಲಿಸಿದ್ದಾರೆ. ಯುಕೆಜಿ ಓದುವ ಮಗಳು "ಜೂಲಿ ಯಾವಾಗ ಬರ್ತಾಳೆ" ಅನ್ನುತ್ತಾಳೆ. ನೆಂಟರು "ನಾಯಿ ತಾನೆ, ಇನ್ನೊಂದು ತಂದರಾಯ್ತು" ಅನ್ನುತ್ತಾರೆ. ಇದನ್ನು ದಾಟಿ ಬಂದವರು ಏನು ಮಾಡಿದಿರಿ, ಹೇಳಿ.

ಮದ್ದೂರು ಕಡೆಯವರು

ಅಕ್ಕಾ, ಮೊದಲು "ನಾಯಿ ತಾನೆ" ಅನ್ನುವವರ ಮಾತು ಬಿಟ್ಟುಬಿಡಿ. ನಮ್ಮ ಮನೆಯಲ್ಲಿ ಕೆಂಚ ಅಂತ ಒಂದು ನಾಟಿ ನಾಯಿ ಇತ್ತು. ರಾತ್ರಿ ಹೊತ್ತು ಗದ್ದೆಗೆ ನೀರು ಕಟ್ಟಲು ಹೋದರೆ ಬದುವಿನ ಮೇಲೆ ನನಗಿಂತ ಮುಂದೆ ಅವನೇ. ಕಬ್ಬಿನೊಳಗೆ ಹಂದಿ ನುಗ್ಗಿದ್ದರೆ ನಾವು ಹತ್ತಿರ ಹೋಗುವ ಮೊದಲೇ ನಿಂತು ಗುರುಗುಟ್ಟುತ್ತಿದ್ದ. ಹಾವು ಕಚ್ಚಿ ಸತ್ತ. ತೋಟದಲ್ಲೇ ಮಣ್ಣು ಮಾಡಿದೆವು. ಮೂರನೇ ದಿನ ನಮ್ಮವ್ವ ಲೋಟದಲ್ಲಿ ಹಾಲು, ಬಟ್ಟಲಲ್ಲಿ ತುಪ್ಪ ಹಿಡಿದು ಹೊರಟಳು. ಮನುಷ್ಯರಿಗೆ ಹಾಲು-ತುಪ್ಪ ಬಿಡುವ ಹಾಗೇ ಬಿಟ್ಟಳು. ಪಕ್ಕದ ಹೊಲದವರು ನೋಡುತ್ತಿದ್ದರು. "ಮನೆ ಕಾದವನಿಗೆ ಬಿಡಬಾರದಾ?" ಅಂದಳು. ಯಾರೂ ಎದುರು ಮಾತಾಡಲಿಲ್ಲ.

ನನಗೆ ಅಳು ಬಂದಿದ್ದು ಆಗಲೇ. ಅಲ್ಲಿವರೆಗೂ ಎದೆ ಬಿಗಿದುಕೊಂಡೇ ಇತ್ತು. ಒಂದು ಕಾರ್ಯ ಅಂತ ಮಾಡಿದರೆ ಮನೆಯವರೆಲ್ಲ ಒಟ್ಟಿಗೆ ಕೂತು ಅಳುವುದಕ್ಕೆ ಒಂದು ಹೊತ್ತು ಸಿಗುತ್ತದೆ, ಅಲ್ವಾ? ನೀವೂ ಏನಾದರೂ ಮಾಡಿ, ತಿಂಗಳು ಕಳೆದಿದ್ದರೂ ಪರವಾಗಿಲ್ಲ. ನಾವು ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟ ಮೇಲೆ ಹೊರಗೆ ಕೆಂಚನ ಹೆಸರಲ್ಲಿ ಒಂದು ಎಲೆ ಹಾಕುತ್ತೇವೆ. ಮುದ್ದೆ, ಕೋಳಿ ಸಾರು. ಊರಿನ ನಾಯಿಗಳು ತಿಂದು ಹೋಗುತ್ತವೆ.

ಇದೇನೂ ನಮ್ಮವ್ವ ಹೊಸದಾಗಿ ಶುರು ಮಾಡಿದ್ದಲ್ಲ. ನಮ್ಮ ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲು ಸಿಕ್ಕಿತ್ತು, ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೇರ ಅನ್ನುವ ವೀರನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆಮೇಲೆ ಆ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟರು. ಅಲ್ಲಿನ ಗೊರವ, ಅಂದರೆ ಶಿವನ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಬಾರದು ಅಂತ ಕಟ್ಟಳೆಯನ್ನೂ ಬರೆಸಿದರು. ನಾಯಿ ಹಂದಿ ಕಾದಾಡುವ ಚಿತ್ರವೂ ಅದರ ಮೇಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೆಂಟರು ಇನ್ನೊಮ್ಮೆ ಕೇಳಿದರೆ ಇದನ್ನು ಹೇಳಿ.

ಮಂಡ್ಯ, ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವರು

ಮೇಡಂ, "ನಾವೇ ಕೊಂದೆವಾ" ಅನ್ನುವ ಮಾತು ನಮ್ಮ ಕ್ಲಿನಿಕ್ಕಿನ ಬಾಗಿಲಲ್ಲಿ ತುಂಬಾ ಜನ ಕೇಳುತ್ತಾರೆ. ಅಲ್ಲಿ ನಡೆಯುವುದು ಇಷ್ಟು. ಸಾಮಾನ್ಯವಾಗಿ ಮೊದಲು ಮಂಪರು ಬರುವ ಔಷಧಿ ಕೊಡುತ್ತಾರೆ. ಆಮೇಲೆ ಅರಿವಳಿಕೆ ಔಷಧಿಯನ್ನೇ ಜಾಸ್ತಿ ಪ್ರಮಾಣದಲ್ಲಿ ರಕ್ತನಾಳಕ್ಕೆ ಬಿಡುತ್ತಾರೆ. ಮೊದಲು ಎಚ್ಚರ ತಪ್ಪುತ್ತದೆ, ಉಸಿರು ಮತ್ತು ಎದೆಬಡಿತ ನಿಲ್ಲುವುದು ಅದಾದ ಮೇಲೆ. ಕಣ್ಣು ತೆರೆದೇ ಇರಬಹುದು, ಒಂದೆರಡು ಸಲ ಮೈ ಅದುರಬಹುದು, ಮೂತ್ರ ಹೋಗಬಹುದು. ಅದನ್ನು ನೋಡಿದವರು ನೋವಾಯಿತೇನೋ ಅಂತ ವರ್ಷಗಟ್ಟಲೆ ಕೊರಗುತ್ತಾರೆ. ಆ ಹೊತ್ತಿಗೆ ನಾಯಿಗೆ ಎಚ್ಚರವೇ ಇರುವುದಿಲ್ಲ.

ಇನ್ನೊಂದು, ಬೇಗ ಯಾಕೆ ಗೊತ್ತಾಗಲಿಲ್ಲ ಅನ್ನುವ ಕೊರಗು. ಕಿಡ್ನಿ ಸುಮಾರು ಮುಕ್ಕಾಲು ಭಾಗ ಕೆಲಸ ನಿಲ್ಲಿಸಿದ ಮೇಲೇ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಲ್ಮಶ) ಏರುವುದು. ಅಲ್ಲಿವರೆಗೆ ನಾಯಿ ಸ್ವಲ್ಪ ಜಾಸ್ತಿ ನೀರು ಕುಡಿಯಬಹುದು, ಅಷ್ಟೇ. ಬೇಸಿಗೆ ಅಂದುಕೊಂಡು ಎಲ್ಲರೂ ಸುಮ್ಮನಾಗುತ್ತಾರೆ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಇಂಜೆಕ್ಷನ್ ಕೊಟ್ಟ ದೇಹವನ್ನು ಮೇಲುಮೇಲೆ ಹೂಳಬೇಡಿ. ಔಷಧಿ ದೇಹದಲ್ಲಿ ಉಳಿದಿರುತ್ತದೆ, ಬೇರೆ ನಾಯಿ ನರಿಗಳು ತೋಡಿ ತಿಂದರೆ ಅವೂ ಸಾಯಬಹುದು. ಕಡಿಮೆ ಅಂದರೂ ನಾಲ್ಕಡಿ ಗುಂಡಿ ತೆಗೆಸಿ, ಬಾವಿಯಿಂದ ದೂರ ಇರಲಿ.

ಪ್ರಶ್ನೆ ಕೇಳಿದವರು

ಜೂಲಿಯ ಕಣ್ಣೂ ತೆರೆದೇ ಇತ್ತು. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ಸರಸ್ವತಿಪುರಂನಿಂದ

ಮಗುವಿಗೆ "ಜೂಲಿ ಮಲಗಿದ್ದಾಳೆ", "ಊರಿಗೆ ಹೋಗಿದ್ದಾಳೆ" ಅಂತ ದಯವಿಟ್ಟು ಹೇಳಬೇಡಿ. ನಮ್ಮ ಅಕ್ಕನ ಮಗನಿಗೆ ಯಾರೋ ಹಾಗೆ ಹೇಳಿ, ಅವನು ರಾತ್ರಿ ಮಲಗಲು ಹೆದರುತ್ತಿದ್ದ. "ಜೂಲಿ ಸತ್ತುಹೋದಳು. ಅವಳ ಮೈ ಕೆಲಸ ನಿಲ್ಲಿಸಿತು. ಅವಳಿಗೆ ಈಗ ನೋವಿಲ್ಲ, ತಿರುಗಿ ಬರುವುದಿಲ್ಲ" ಅಂತ ನೇರವಾಗಿ ಹೇಳಿ. ಆ ವಯಸ್ಸಿನ ಮಕ್ಕಳು ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಪ್ರತಿಸಲವೂ ಅದೇ ಉತ್ತರ ಕೊಡಿ. ನಾನು ಹೋಂವರ್ಕ್ ಮಾಡದಿದ್ದಕ್ಕೆ ಸತ್ತಳಾ ಅಂತ ಮನಸ್ಸಿನಲ್ಲೇ ಅಂದುಕೊಂಡಿರುವುದೂ ಉಂಟು. ಅದಲ್ಲ ಅಂತ ನೀವಾಗಿಯೇ ಹೇಳಿ. ನೀವು ಅತ್ತರೆ ಅವಳು ನೋಡಲಿ ಬಿಡಿ.

ಶ್ರೀರಂಗಪಟ್ಟಣದಿಂದ

ಅಮ್ಮಾ, ನಾನು ನಿಮ್ಮ ತಂದೆಯ ವಯಸ್ಸಿನವನು. ಅವರು ವಾಕಿಂಗ್ ಯಾಕೆ ಬಿಟ್ಟರು ಅಂತ ನನಗೆ ಗೊತ್ತು. ನಮ್ಮ ರಾಜು ಹೋದ ಮೇಲೆ ನಾನೊಬ್ಬನೇ ಹೊರಟರೆ ಹಾಲಿನ ಬೂತಿನವರು, ಹೂ ಮಾರುವವರು, ಎದುರು ಸಿಕ್ಕಿದವರೆಲ್ಲ "ನಾಯಿ ಎಲ್ಲಿ ಸಾರ್?" ಅನ್ನುತ್ತಿದ್ದರು. ಒಬ್ಬೊಬ್ಬರಿಗೂ ಹೇಳಬೇಕು. ಬೆಳಗಾದರೆ ಅದೇ ಭಯ. ಕೊನೆಗೆ ನನ್ನ ಸೊಸೆ ಒಂದು ಸಂಜೆ ಹೋಗಿ ಎಲ್ಲರಿಗೂ ಹೇಳಿ ಬಂದಳು. ಮಾರನೇ ದಿನ ಯಾರೂ ಕೇಳಲಿಲ್ಲ. ಹೂವಿನಾಕೆ ಮಾತ್ರ "ಒಳ್ಳೇ ನಾಯಿ ಸಾರ್" ಅಂದಳು. ನೀವೂ ಆ ಕೆಲಸ ಮಾಡಿ. ವಾಕಿಂಗ್ ಹೋಗಿ ಅಂತ ಒತ್ತಾಯ ಬೇಡ. ಒಂದು ವಾರ ಬೇರೆ ರಸ್ತೆಯಲ್ಲಿ, ಬೇರೆ ಹೊತ್ತಿನಲ್ಲಿ, ನೀವೇ ಜೊತೆಗೆ ಹೋಗಿ.

ವಿಜಯನಗರದಿಂದ

ಇನ್ನೊಂದು ನಾಯಿ ತರುವ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಈಗಲೇ ಬೇಡ. ಅಪ್ಪ ತಾವಾಗಿ ಕೇಳುವವರೆಗೆ ಕಾಯಿರಿ. ನಮ್ಮ ಮನೆಯಲ್ಲಿ ಬೇಗ ತಂದ ಮರಿಯನ್ನು ಎಲ್ಲರೂ ಹಳೇ ನಾಯಿಗೆ ಹೋಲಿಸುತ್ತಿದ್ದರು, ಪಾಪ ಅದು ಏನು ಮಾಡಿದರೂ ಸಾಲುತ್ತಿರಲಿಲ್ಲ. ಪಾರ್ವೊ ಬಂದು ನಾಯಿ ಕಳೆದುಕೊಂಡವರಂತೂ ಇನ್ನೂ ಹುಷಾರಾಗಿರಬೇಕು. ಆ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಸಲ ಒಂದು ವರ್ಷದವರೆಗೂ ಉಳಿಯುತ್ತದೆ. ಲಸಿಕೆ ಪೂರ್ತಿಯಾಗದ ಮರಿಯನ್ನು ಆ ಮನೆಗೆ ತರಲೇಬಾರದು.

ಮಂಡ್ಯದಿಂದ ಮತ್ತೊಬ್ಬರು

ನಿದ್ದೆ ಊಟ ವಾರಗಟ್ಟಲೆ ಸರಿಯಾಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ದಿನದ ಯಾವ ಹೊತ್ತಿಗಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ವಿಷಯ ಮುಚ್ಚಿಡಬೇಡಿ, ನಾಯಿ ತೀರಿಕೊಂಡಿದೆ ಅಂತಲೇ ಹೇಳಿ. ಎದುರು ಕೂತು ಮಾತಾಡುವುದೇ ಇಷ್ಟ ಅಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಮನೋವೈದ್ಯ ವಿಭಾಗ ಇದೆ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ.