ಆಟಗಾರ್ತಿ ಮಿತಭಾಷಿ, ಪಾತ್ರ ದಳವಾಯಿ: ಬೆದರಿಸೋಕೆ ಮಾತು ಬೇಕಾ, ದಾಳ ಸಾಕಾ?

ಮಹಡಿಮೇಷ್ಟ್ರು (ಮೈಸೂರು)

ಸರಸ್ವತಿಪುರಂನಲ್ಲಿ ನಮ್ಮನೆ ಮಹಡಿ ಮೇಲೆ ಭಾನುವಾರ ಸಂಜೆ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ದಾಳ ಉರುಳಿಸೋ ಕಥೆಯಾಟ) ಆಡ್ತೀವಿ, 2014ರ ಐದನೇ ಆವೃತ್ತಿ. ಆಟ ನಡೆಸೋನು ನಾನು. ಕಥೆ ನಾವೇ ಕಟ್ಟಿದ್ದು. ಇಸವಿ 1610, ರಾಜ ಒಡೆಯರು ಶ್ರೀರಂಗಪಟ್ಟಣ ವಶ ಮಾಡಿಕೊಳ್ಳೋಕೆ ಸ್ವಲ್ಪ ಮುಂಚೆ. ನಮ್ಮ ಪಾರ್ಟಿ ಕಾವೇರಿ ದಾಟಿ ಪಟ್ಟಣದೊಳಗೆ ಒಂದು ಓಲೆ ಮುಟ್ಟಿಸಬೇಕು. ಹರಿಗೋಲಿನ ಹತ್ರ ಸುಂಕದವನು ತಡೆದ. ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡು ಏನು ಪ್ರಯೋಜನ, ಹೆದರಿಸೋದೇ ಅಂತ ತೀರ್ಮಾನ ಆಯ್ತು.

ಜಟ್ಟಿ ಪಾತ್ರದವನು ಲಾ ಓದ್ತಿರೋ ಹುಡುಗ, ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಪಾತ್ರದ ಕ್ಯಾರಿಸ್ಮಾ (ವ್ಯಕ್ತಿತ್ವದ ಪ್ರಭಾವಕ್ಕೆ ಕೊಡೋ ಅಂಕ) 8. ಎದ್ದು ನಿಂತು ಎಂಥಾ ಮಾತಾಡಿದ ಅಂದ್ರೆ ಕೆಳಗಿನಿಂದ ಅಮ್ಮ ಯಾರಿಗೇನಾಯ್ತು ಅಂತ ಕೂಗಿದ್ರು. ಇಪ್ಪತ್ತು ಮುಖದ ದಾಳದಲ್ಲಿ ಬಿದ್ದಿದ್ದು 3. "ಅಷ್ಟು ಮಾತಾಡಿದ್ದೆಲ್ಲ ದಂಡಾನಾ?" ಅಂತ ಅವನ ಜಗಳ. ಆಮೇಲೆ ನನ್ನ ಚಿಕ್ಕಮ್ಮನ ಮಗಳು. ಅವಳದ್ದು ದಳವಾಯಿ ಪಾತ್ರ, ಕ್ಯಾರಿಸ್ಮಾ 18, ಇಂಟಿಮಿಡೇಶನ್, ಅಂದ್ರೆ ಬೆದರಿಸೋ ಕೌಶಲ, ಕಲಿತಿದಾಳೆ. ಸ್ವಭಾವದಲ್ಲಿ ಬಾಯಿಲ್ಲದ ಹುಡುಗಿ. "ಹೆದರಿಸ್ತೀನಿ ಅಣ್ಣ" ಅಂದು ಉರುಳಿಸಿದಳು, 17. "ಏನಂತ ಹೆದರಿಸಿದೆ, ಹೇಳಮ್ಮ" ಅಂತ ಎಲ್ಲರೂ ಮುಗಿಬಿದ್ರು. ಮುದುಡಿಕೊಂಡುಬಿಟ್ಟಳು.

ಇನ್ನೊಂದು: ದಳವಾಯಿ ಆಜ್ಞೆ ಕೊಟ್ರೆ ಜಟ್ಟಿ ಕೇಳಲ್ಲ. ಅದಕ್ಕೂ ಉರುಳಿಸಬಹುದಾ ಅಂತ ಅವಳ ಪ್ರಶ್ನೆ.

ಇಪ್ಪತ್ಮುಖ

ಕತ್ತಿ ಹಿಡಿದ ಪಾತ್ರದವನಿಗೆ ನಿಜವಾಗಿ ಕತ್ತಿವರಸೆ ಬರುತ್ತಾ ಅಂತ ಯಾರೂ ಕೇಳಲ್ಲ. ಮಾತಿಗೆ ಮಾತ್ರ ಯಾಕೆ ಪರೀಕ್ಷೆ? ಡಿಸಿ (ಗೆಲ್ಲೋಕೆ ಮುಟ್ಟಬೇಕಾದ ಅಂಕ) 15 ಇಡಿ. ಮೊದಲ ಹಂತಗಳಲ್ಲಿ ನಿಮ್ಮ ತಂಗಿಗೆ ಕ್ಯಾರಿಸ್ಮಾದ 4ಕ್ಕೆ ಕೌಶಲದ 2 ಸೇರಿ ದಾಳದ ಮೇಲೆ 6 ಕೂಡುತ್ತೆ, 9 ಬಿದ್ರೆ ಸಾಕು, 60%. ಜಟ್ಟಿಗೆ ಕ್ಯಾರಿಸ್ಮಾ 8 ಆದ್ದರಿಂದ 1 ಕಳೆಯುತ್ತೆ, 16 ಬೀಳಬೇಕು, 25%. ಲೆಕ್ಕ ಮುಗೀತು.

ಬೆಲ್ಲದಚ್ಚು (ಮಂಡ್ಯ)

ಲೆಕ್ಕ ಸರಿಯಾಗೈತೆ ಗುರೂ, ಆದ್ರೆ ಅಲ್ಲಿಗೇ ಮುಗಿಯಕಿಲ್ಲ. ಕತ್ತಿ ಉದಾಹರಣೆ ಎಲ್ರೂ ಕೊಡ್ತಾರೆ. ಕಾಳಗದಲ್ಲಿ ಆಟಗಾರ ಕತ್ತಿ ಬೀಸದೆ ಇರಬೋದು, ಯಾರಿಗೆ ಹೊಡೀಬೇಕು, ಎಲ್ಲಿ ನಿಂತ್ಕಬೇಕು ಅಂತ ಅವನೇ ತಾನೆ ಹೇಳದು? ಮಾತಿಗೂ ಅಷ್ಟು ಕೇಳಿ, ಅದಕ್ಕಿಂತ ಜಾಸ್ತಿ ಕೇಳಬೇಡಿ.

ಮೇಷ್ಟ್ರೇ, ನಾನು ನಮ್ಮ ಹುಡುಗ್ರನ್ನ ಕೇಳದು ಎರಡೇ. ಅವನಿಂದ ಏನಾಗಬೇಕು? ಅವನಿಗೆ ಯಾತರ ಭಯ ಅಂತ ಹಿಡ್ಕಂಡಿದೀಯ? ಸುಂಕದವನು ವಸೂಲಿ ಮಾಡದು ಒಂದು, ಲೆಕ್ಕಕ್ಕೆ ಬರೆಯೋದು ಇನ್ನೊಂದು ಅಂತ ಇಟ್ಕಳಿ. "ಕಡತ ನಿನ್ನ ಮೇಲಿನವನ ಕೈ ಸೇರುತ್ತೆ" ಅಂತ ನಿಮ್ಮ ತಂಗಿ ಒಂದೇ ಸಾಲು ಹೇಳಿದ್ರೆ, ತೊದಲಿದ್ರೂ ಸರಿ, ಡಿಸಿ 10ಕ್ಕೆ ಇಳಿಸಿ. ಸುತ್ತ ಕಾವಲಿನವರು ನಿಂತಿರುವಾಗ ಲಾಯರಪ್ಪ "ರುಂಡ ಚೆಂಡಾಡ್ತೀನಿ" ಅಂದ್ರೆ 20ಕ್ಕೆ ಏರಿಸಿ. ಮಾತು ಚೆಂದಾಗಿದ್ರೆ ಇನ್‌ಸ್ಪಿರೇಶನ್ (ಎರಡು ಸಲ ಉರುಳಿಸಿ ಜಾಸ್ತಿ ಬಿದ್ದದ್ದನ್ನ ತಗಳ್ಳೋ ಅವಕಾಶ) ಕೊಡಿ, ಮುಂದೆ ಎಲ್ಲಾದ್ರೂ ಬಳಸ್ಕಳ್ಳಲಿ. ಬಿದ್ದ ಅಂಕಕ್ಕೆ ಮಾತ್ರ ಕೂಡಿಸಬೇಡಿ.

ಆಮೇಲೆ, ಉರುಳಿಸಿದ್ಮೇಲೆ ಸಂಭಾಷಣೆ. 3 ಬಿತ್ತಾ? ಭಾಷಣ ಬಲು ಜೋರಾಗೇ ಇತ್ತು, ಆದ್ರೆ ಸುಂಕದವನ ಬೆನ್ನ ಹಿಂದೆ ಅವನ ಯಜಮಾನ ಬಂದು ನಿಂತಿದ್ದ, ಬಗ್ಗೋ ಹಂಗಿರಲಿಲ್ಲ. 17 ಬಿತ್ತಾ? ಅವಳೇನಂದಳು ಅಂತ ಯಾಕೆ ಕಾಡ್ತೀರಿ? ಅವನು ಬೆವತದ್ದನ್ನ ನೀವೇ ವರ್ಣಿಸಿ.

ಇನ್ನು ಬೆದರಿಕೆಗೆ ಬೆಲೆ ಇಲ್ದಿದ್ರೆ ಎಲ್ರೂ ಎಲ್ಲಾದಕ್ಕೂ ಅದನ್ನೇ ಹಿಡ್ಕತಾರೆ. ಪಾತ್‌ಫೈಂಡರ್ ಅನ್ನೋ ಇಂಥದ್ದೇ ಇನ್ನೊಂದು ಆಟದ ಎರಡನೇ ಆವೃತ್ತಿಯಿಂದ ನಾನು ಕದ್ದಿರೋ ನಿಯಮ: ಒತ್ತಾಯಕ್ಕೆ ಒಂದು ನಿಮಿಷನಾದ್ರೂ ಮಾತು ನಡೀಬೇಕು, ಗೆದ್ರೆ ಆಸಾಮಿ ಒಂದು ದಿನದವರೆಗೆ ಹೇಳಿದಂಗೆ ಕೇಳ್ತಾನೆ, ಆಮೇಲೆ ತಿರುಗಿಬೀಳ್ತಾನೆ. ಓಲೆ ಮುಟ್ಟಿಸಿ ಅದೇ ಹರಿಗೋಲಲ್ಲಿ ವಾಪಸ್ ಬರಬೇಕಲ್ಲ ನಿಮ್ಮೋರು? ಬರಲಿ, ಗೊತ್ತಾಯ್ತದೆ.

ಆಜ್ಞೆ ವಿಷಯ: ಆಟಗಾರನ ಪಾತ್ರದ ಮೇಲೆ ಇನ್ನೊಬ್ಬ ಆಟಗಾರ ದಾಳ ಉರುಳಿಸಿ ಕುಣಿಸೋಕೆ ನಾನು ಬಿಡಕಿಲ್ಲ. ಗರ್ಪ್ಸ್ ಅನ್ನೋ ಆಟದಲ್ಲಿ ಲೀಡರ್‌ಶಿಪ್ ಅಂತ ಬೇರೆ ಕೌಶಲವೇ ಐತೆ, ಐಕ್ಯೂ, ಅಂದ್ರೆ ಬುದ್ಧಿ ಮೇಲೆ ನಿಂತಿರೋದು (ಬೆದರಿಕೆ ವಿಲ್, ಅಂದ್ರೆ ಮನೋಬಲದ ಮೇಲೆ). ಅಲ್ಲೂ ಅದು ಎನ್‌ಪಿಸಿಗಳನ್ನ (ಆಟ ನಡೆಸೋನು ಆಡಿಸೋ ಪಾತ್ರಗಳನ್ನ) ಅಪಾಯಕ್ಕೆ ನುಗ್ಗಿಸೋಕೆ. ಆಟಗಾರರು ಹಿಂದೆ ಹೋಗದು ಬಿಡದು ಅವರಿಷ್ಟ. ಉರುಳಿಸಲೇಬೇಕು ಅಂತ ಹಟ ಮಾಡಿದ್ರೆ ಅಪೋಕ್ಯಾಲಿಪ್ಸ್ ವರ್ಲ್ಡ್ ಅನ್ನೋ ಆಟದ ದಾರಿ ನೋಡಿ. ಮಾತು ಕೇಳಿದವನಿಗೇ ಅನುಭವದ ಅಂಕ ಸಿಗ್ತದೆ. ಜಟ್ಟಿ ದುರಾಸೆಗೆ ಬಗ್ತಾನೆ.

ಹಳೇಪೆಟ್ಟಿಗೆ

ದಳವಾಯಿಗೆ ದಂಡೇ ಇಲ್ಲವಲ್ಲ, ಅದು ಮೂಲ ತೊಂದರೆ. ಡಿ ಆಂಡ್ ಡಿಯ 1981ರ ಬೇಸಿಕ್ ನಿಯಮದಲ್ಲಿ ಕ್ಯಾರಿಸ್ಮಾ ಅಂದ್ರೆ ಎಷ್ಟು ಆಳು ನಿಮ್ಮ ಹಿಂದೆ ಬರ್ತಾರೆ, ಎಷ್ಟು ಹೊತ್ತು ನಿಲ್ತಾರೆ ಅನ್ನೋದು. 9ರಿಂದ 12 ಇದ್ದವರಿಗೆ 4 ಆಳು, ಅವರ ಧೈರ್ಯ 7. 18 ಇದ್ದವರಿಗೆ 7 ಆಳು, ಧೈರ್ಯ 10. ಎರಡು ಆರುಮುಖದ ದಾಳ ಉರುಳಿಸಿ, ಧೈರ್ಯಕ್ಕಿಂತ ಜಾಸ್ತಿ ಬಿದ್ರೆ ಓಡಿಹೋಗ್ತಾರೆ. ಮೊದಲನೆಯವರು ಓಡೋ ಸಂಭವ ಶೇಕಡಾ 42ರ ಹತ್ತಿರ, ಎರಡನೆಯವರದ್ದು 12ರಲ್ಲಿ 1. ನಿಮ್ಮ ತಂಗಿಗೆ ಏಳು ಜನ ಕೊಡಿ. ಬಾಯಿ ಬಿಡದೇನೇ ನಾಯಕಿ ಆಗ್ತಾಳೆ.

ಮಹಡಿಮೇಷ್ಟ್ರು

ಏಳು ಆಳು ಅಂದ ತಕ್ಷಣ ತಂಗಿ ಅವರಿಗೆಲ್ಲ ಹೆಸರಿಡೋಕೆ ಕೂತಿದಾಳೆ. ಜಟ್ಟಿದು ಈಗ ಹೊಸ ವಾದ: ಗರಡಿ ಮನೆ ದೇಹ, ಸುಂಕದ ಕಟ್ಟೆಯ ಕಂಬ ಕಿತ್ತು ತೋರಿಸಿದ್ರೂ ಕ್ಯಾರಿಸ್ಮಾನೇ ಬೇಕಾ?

ಬೆಲ್ಲದಚ್ಚು (ಮಂಡ್ಯ)

ಬೇಡ. ಐದನೇ ಆವೃತ್ತಿಯ ಐಚ್ಛಿಕ ನಿಯಮದಲ್ಲೇ ಬಲದ ಮೇಲೆ ಇಂಟಿಮಿಡೇಶನ್ ಉರುಳಿಸಬೋದು, ನೀವು ಒಪ್ಪಿದ್ರೆ. ಒಪ್ಕಳಿ. ಆದ್ರೆ ಕಂಬ ಕಿತ್ತ ಸದ್ದಿಗೆ ಅಕ್ಕಪಕ್ಕದ ಕಾವಲೆಲ್ಲ ಓಡಿಬರ್ತದೆ ಅಂತ ಮೊದಲೇ ಹೇಳಿಬುಡಿ.

ಕಡತದ ಸುದ್ದೀನ ಹರಿಗೋಲಿನವನ ಬಾಯಲ್ಲಿ ಬಿಡಿ, ತಂಗಿ ಒಬ್ಬಳಿಗೇ ಕೇಳೋ ಹಂಗೆ. ಲಾಯರಪ್ಪನ ಕಿವಿಗೆ ಬಿದ್ರೆ ಅವನೇ ಎದ್ದು ಶುರು ಹಚ್ಕತಾನೆ.